ನಾಗಮಲೆ ಹತ್ತಿದವರೇ, ಇಂಡಿಗನತ್ತವನ್ನು ಕಂಡಿರಾ?

ಕಡಕೊಳದ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನಾವಿಬ್ಬರು ಗೆಳೆಯರು ಎಷ್ಟೋ ಸಂಜೆ ಕನ್ನಡದ ಬಗ್ಗೆ ಜಗಳವಾಡಿದ್ದೇವೆ. ಅವನು ಕಡಕೊಳದವನೇ, ಹತ್ತಿರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ. ನಾನು ಮೈಸೂರು ಪೇಟೆಯ ಹುಡುಗ. ನನ್ನ ಕನ್ನಡವೆಂದರೆ ಬೋರ್ಡು, ಬ್ಯಾನರು, ನವೆಂಬರ್ ಒಂದರ ಬಾವುಟ. ಅವನ ಕನ್ನಡ ಅಜ್ಜಿಯಿಂದ ಬಂದದ್ದು. ಆ ಅಜ್ಜಿಗೆ ಅಕ್ಷರ ಬಾರದು. ಆದರೆ ದೇವರಗುಡ್ಡರು ಮನೆಗೆ ಬಂದು ಕಂಸಾಳೆ ಹಿಡಿದರೆ ಸಂಕಮ್ಮನ ಸಾಲನ್ನು ಬೆಳಗಿನ ತನಕ ಕಣ್ಣು ಮುಚ್ಚದೆ ಕೇಳಿ, ಮರುದಿನ ಸೊಸೆಯಂದಿರಿಗೆ ಒಪ್ಪಿಸುವಷ್ಟು ಗಟ್ಟಿ ನೆನಪು.

2023ರ ಡಿಸೆಂಬರಿನಲ್ಲಿ ಅವನು, "ಅಜ್ಜಿದು ಒಂದು ಹರಕೆ ಬಾಕಿ ಅದೆ ಕನ್ಲಾ. ಅದ್ಕೆ ಕಾಲು ಬರಾಕಿಲ್ಲ, ನಾನೇ ಹೋಗ್ಬೇಕು. ನಾಗಮಲೆಗೆ ಬತ್ತೀಯಾ?" ಎಂದ. ಹೊರಟೆ. ಸುಳ್ಳು ಹೇಳುವುದಿಲ್ಲ, ನನಗೆ ಭಕ್ತಿಗಿಂತ ಬೆಟ್ಟ ಹತ್ತುವ ಚಪಲವೇ ಹೆಚ್ಚು ಇತ್ತು.

ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ತಿರುವುಗಳನ್ನು ಹತ್ತಿ ಬಸ್ಸು ಮಲೆ ಮಹದೇಶ್ವರ ಬೆಟ್ಟ ಸೇರಿತು. ಹೆಚ್ಚಿನ ಭಕ್ತರ ಯಾತ್ರೆ ಅಲ್ಲಿಗೆ ಮುಗಿಯುತ್ತದೆ. ನಾಗಮಲೆ ಅಲ್ಲಿಂದ ಸುಮಾರು ಹದಿನಾಲ್ಕು ಕಿಲೋಮೀಟರ್ ಒಳಗೆ, ಕಾಡಿನಲ್ಲಿ. ಅರ್ಧ ದಾರಿಯಲ್ಲಿ ಸಿಗುವ ಊರೇ ಇಂಡಿಗನತ್ತ.

ದಾರಿ ಎಂದು ಹೇಳಲು ನಾಲಿಗೆ ಬರುವುದಿಲ್ಲ. ಕಲ್ಲು, ಗುಂಡಿ, ಮಳೆಗೆ ಕೊರೆದ ಹಳ್ಳ. ಜೀಪುಗಳು ಅದರ ಮೇಲೆಯೇ ದೋಣಿಯ ಹಾಗೆ ಹೊಯ್ದಾಡುತ್ತಾ ಹೋಗುತ್ತಿದ್ದವು. ನಾವು ನಡೆದೆವು. ನಮ್ಮ ಮುಂದೆ ಪಟ್ಟಣದ ಹುಡುಗ ಹುಡುಗಿಯರ ತಂಡವೊಂದಿತ್ತು. ಎಲ್ಲರೂ ಒಂದೇ ಬಣ್ಣದ ಅಂಗಿ, ಎದೆಯ ಮೇಲೆ ಇಂಗ್ಲಿಷ್ ಬರಹ. ದಾರಿ ತೋರಿಸುತ್ತಿದ್ದ ಮುದುಕರೊಬ್ಬರನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ಅವರು ಕನ್ನಡದಲ್ಲಿ ಉತ್ತರ ಹೇಳುತ್ತಿದ್ದರು. ಹೊರಗಿನವರಿರಬೇಕು ಎಂದುಕೊಂಡೆ. ಒಬ್ಬಳ ಕಾಲು ಉಳುಕಿತು ನೋಡಿ, "ಅಯ್ಯೋ ಅಮ್ಮಾ" ಎಂದಳು! ಅಪ್ಪಟ ಕನ್ನಡದ ಮಗು.

ಇಂಡಿಗನತ್ತದಲ್ಲಿ ಜಗುಲಿಯ ಮೇಲೆ ಕೂರಿಸಿ ಒಬ್ಬ ಅವ್ವ ನಮಗೆ ಮುದ್ದೆ ಹಾಕಿ ಉಪ್ಪೆಸರು ಬಡಿಸಿದರು. "ಯಾವೂರು ಮಕ್ಕಳಾ?" ಎಂದರು. ಕಡಕೊಳ ಎಂದ ನನ್ನ ಗೆಳೆಯ. "ನಿಮ್ಮೂರ್ಗೆ ರೈಲು ಬತ್ತದಾ?" "ಬತ್ತದೆ ಕನವ್ವ." ಆಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಗೆ ಕಾಯ್ಲೆ ಬಂದ್ರೆ ಡೋಲಿ ಕಟ್ಟಬೇಕು ಕನಪ್ಪ. ರಾತ್ರಿ ಹೊತ್ತು ಆನೆ ನಿಂತಿದ್ರೆ ಡೋಲಿನೂ ಇಲ್ಲ" ಎಂದರು. ಅಳಲಿಲ್ಲ, ಗೋಗರೆಯಲಿಲ್ಲ. ಇನ್ನೊಂದು ಮುದ್ದೆ ಹಾಕಿದರು.

ಅಲ್ಲಿಂದ ಮೇಲಕ್ಕೆ ಏರು. ಉಸಿರು ಕಟ್ಟಿದಾಗಲೆಲ್ಲ ಹಿಂದಿನಿಂದ ಬರುವವರು "ಉಘೇ ಮಾದಪ್ಪ" ಎನ್ನುತ್ತಾರೆ. ನೀವೂ ಎನ್ನುತ್ತೀರಿ. ನಾನು ಭಕ್ತನಲ್ಲದಿದ್ದರೂ ಎಂದೆ. ನೆತ್ತಿಯಲ್ಲಿ ಗೋಪುರವಿಲ್ಲ, ಪ್ರಾಕಾರವಿಲ್ಲ. ಹೆಡೆಯೆತ್ತಿದ ನಾಗರದಂತೆ ಕಾಣುವ ಬಂಡೆ, ಅದರ ನೆರಳಲ್ಲಿ ಲಿಂಗ. ಗೆಳೆಯ ಅಜ್ಜಿಯ ಕಾಯಿ ಒಡೆಸಿದ. ಸುತ್ತಲೂ ಬೆಟ್ಟದ ಹಿಂದೆ ಬೆಟ್ಟ. ಎಪ್ಪತ್ತೇಳು ಮಲೆಯ ಒಡೆಯ ಎಂದು ಹಾಡುವುದು ಉತ್ಪ್ರೇಕ್ಷೆ ಅನ್ನಿಸಲಿಲ್ಲ.

ಅಲ್ಲಿ ನಿಂತಾಗ ಗಡಿ ಎಂಬ ಮಾತಿಗೆ ಅರ್ಥ ಬರುತ್ತದೆ ಮಿತ್ರರೇ. ಈ ಬೆಟ್ಟವೆಲ್ಲ ನಮ್ಮ ರಾಜ್ಯಕ್ಕೆ ಬಂದದ್ದೇ 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿಗೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇದು ಬಂತು, ತಾಳವಾಡಿ ಬರಲಿಲ್ಲ. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇವತ್ತಿಗೂ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ಪಕ್ಕದ ಬರಗೂರು ಬೆಟ್ಟದಲ್ಲಿ ದನ ಮೇಯಿಸುವ ಲಿಂಗಾಯತರು ಆಡುವುದೂ ಕನ್ನಡವನ್ನೇ. ನಕ್ಷೆಯಲ್ಲಿ ಗೆರೆ ಎಳೆದವರು ಯಾರೇ ಇರಲಿ, ಈ ಮಲೆಯನ್ನು ಕನ್ನಡದ್ದಾಗಿ ಉಳಿಸಿದ್ದು ಇಲ್ಲಿ ಬಾಳಿದ ಬೇಡಗಂಪಣರು, ಸೋಲಿಗರು, ಊರೂರು ಸುತ್ತಿ ಹಾಡಿದ ದೇವರಗುಡ್ಡರು. ಪಿ.ಕೆ. ರಾಜಶೇಖರರಂಥವರು ಹಳ್ಳಿ ಹಳ್ಳಿ ಅಲೆದು ಮಾದೇಶ್ವರನ ಕಾವ್ಯವನ್ನು ಅಚ್ಚಿಗೆ ತಂದರು. ಅದಕ್ಕೂ ಮುಂಚೆ ಅದು ಇದ್ದದ್ದು ಅಕ್ಷರ ಕಾಣದವರ ಗಂಟಲಲ್ಲಿ. ಅವರಿಗೆ ನಾವು ಕೊಟ್ಟದ್ದೇನು? ಡೋಲಿ.

ನಾವು ಇಳಿದು ಬಂದೆವು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಾತ್ರೆಯಾದ ಮೇಲೆ ಸರ್ಕಾರ ಚಾರಣಗಳಿಗೆ ಕಡಿವಾಣ ಹಾಕಿತು. ನಾಗಮಲೆಯ ದಾರಿಗೂ ನಿರ್ಬಂಧ ಬಂತು. ನಮ್ಮ ಪಟ್ಟಣದ ಹುಡುಗರು ಗೊಣಗಿದರು, ಬೇರೆ ಬೆಟ್ಟ ಹುಡುಕಿಕೊಂಡರು. ಮುದ್ದೆ ಹಾಕಿ, ಜೀಪು ಓಡಿಸಿ ನಾಲ್ಕು ಕಾಸು ಕಾಣುತ್ತಿದ್ದ ಊರಿನವರು ಏನು ಹುಡುಕಬೇಕಿತ್ತು?

ಅದೇ ವರ್ಷದ ಏಪ್ರಿಲ್ 26, ಲೋಕಸಭೆ ಚುನಾವಣೆಯ ದಿನ. ಸಂಜೆ ಗೆಳೆಯ ಫೋನು ಮಾಡಿದ. "ನಮ್ಗೆ ಮುದ್ದೆ ಹಾಕ್ದ ಊರು ಟೀವೀಲಿ ಬತ್ತಾ ಅದೆ ನೋಡ್ಲಾ." ನೋಡಿದೆ. ರಸ್ತೆಯಿಲ್ಲ, ಸೌಲಭ್ಯವಿಲ್ಲ, ಆದ್ದರಿಂದ ಮತವೂ ಇಲ್ಲ ಎಂದು ಇಂಡಿಗನತ್ತದವರು ಬಹಿಷ್ಕಾರ ಹಾಕಿದ್ದರು. ಅಧಿಕಾರಿಗಳು ಮತದಾನ ನಡೆಸಲು ಹೋದಾಗ ಗಲಾಟೆಯಾಗಿ, ಮತಗಟ್ಟೆಗೆ ನುಗ್ಗಿ ಮತಯಂತ್ರವನ್ನೇ ಒಡೆದು ಹಾಕಿದ್ದರು. ಏಪ್ರಿಲ್ 29ರಂದು ಮರುಮತದಾನವಾಯಿತು. ಬಹುಪಾಲು ಜನ ಬರಲೇ ಇಲ್ಲ. ಪೊಲೀಸರಿಗೆ ಹೆದರಿ ಎಷ್ಟೋ ಜನ ಊರು ಬಿಟ್ಟಿದ್ದರು.

ಮತಯಂತ್ರ ಒಡೆದದ್ದು ತಪ್ಪು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಟೀವಿಯ ಮುಂದೆ ಕೂತು "ಕಾಡುಜನ" ಎಂದು ಮೂಗು ಮುರಿದ ನಮ್ಮ ಸಂಘದ ಕೆಲವು ಗೆಳೆಯರನ್ನು ಕೇಳಿದೆ: ನಿಮ್ಮಲ್ಲಿ ಎಷ್ಟು ಮಂದಿ ಆ ಊರಿನ ಮೇಲೆ ನಡೆದು ಹೋಗಿ ಬೆಟ್ಟದ ತುದಿಯಲ್ಲಿ ಫೋಟೋ ತೆಗೆಸಿಕೊಂಡಿದ್ದೀರಿ? ಐದಾರು ಕೈ ಮೇಲೆದ್ದವು. ಊರಿನ ಹೆಸರು ಗೊತ್ತಿದ್ದದ್ದು ಒಬ್ಬನಿಗೆ. ಬೆಳಗಾವಿಗೆ ಲಾರಿ ಹತ್ತಿ ಹೋಗುವ ನಮಗೆ ನೂರೈವತ್ತು ಕಿಲೋಮೀಟರ್ ದೂರದ ಗಡಿ ಗೊತ್ತಿಲ್ಲ. ಅಲ್ಲಿ ಎದುರಾಳಿಯಿಲ್ಲ ನೋಡಿ, ಇರುವವರು ನಮ್ಮವರೇ. ಬೈಯಲು ಯಾರೂ ಸಿಗದ ಕಡೆ ನಮಗೆ ಹುರುಪು ಬರುವುದಿಲ್ಲ.

2025ರ ಏಪ್ರಿಲ್ 24ರಂದು ಇಡೀ ಸಚಿವ ಸಂಪುಟವೇ ಮಹದೇಶ್ವರ ಬೆಟ್ಟದಲ್ಲಿ ಸಭೆ ಸೇರಿತು. ಘನ ಸರ್ಕಾರ ಇಂಡಿಗನತ್ತಕ್ಕೆ ಅಷ್ಟು ಹತ್ತಿರ ಹಿಂದೆಂದೂ ಬಂದಿರಲಿಕ್ಕಿಲ್ಲ. ಮಾನ್ಯ ಮಂತ್ರಿಗಳು ಆ ಹಾದಿಯನ್ನು ಕಾಲ್ನಡಿಗೆಯಲ್ಲೇ ನೋಡಬೇಕಿತ್ತು ಎಂದು ನನ್ನ ಆಸೆ. ಆಸೆಗೇನು, ಸುಂಕವಿಲ್ಲ.

ಪರಿಸರದ ಗೆಳೆಯರು ಕೇಳುತ್ತಾರೆ, ರಸ್ತೆಯಾದರೆ ಕಾಡು ಉಳಿದೀತೇ ಎಂದು. ಉಡಾಫೆಯ ಪ್ರಶ್ನೆಯಲ್ಲ ಅದು. 2025ರ ಜೂನಿನಲ್ಲಿ ಇದೇ ಕಾಡಿನ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಕಳೇಬರ ತಿಂದು ತಾಯಿ ಹುಲಿ ನಾಲ್ಕು ಮರಿಗಳ ಸಮೇತ ಸತ್ತಿತು. ಆದರೆ ಇಲ್ಲಿ ಯಾರೂ ರೆಸಾರ್ಟಿನವರಿಗೆ ನಾಲ್ಕು ಪಥದ ಹೆದ್ದಾರಿ ಕೇಳುತ್ತಿಲ್ಲ. 2013ರಲ್ಲಿ ಈ ಕಾಡು ವನ್ಯಜೀವಿ ಧಾಮವಾಗುವ ಎಷ್ಟೋ ಕಾಲ ಮುಂಚಿನಿಂದ ಈ ಊರುಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಓದಿ: ಕಾಡಿನೊಳಗಿನ ಜನರ ಶಾಲೆ, ಆಸ್ಪತ್ರೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಇಂಥವಕ್ಕೆ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡುಭೂಮಿ ಬಳಸಬಹುದು, ಹೆಕ್ಟೇರಿಗೆ ಎಪ್ಪತ್ತೈದಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಕಾಡಿಗೂ ಲೆಕ್ಕ ಇಟ್ಟು, ಜನಕ್ಕೂ ಜಾಗ ಬಿಟ್ಟ ಕಾನೂನು ಇದು. ರಾತ್ರಿ ವಾಹನ ಬೇಡ, ಹೊರಗಿನ ಜೀಪು ಬೇಡ ಎಂದು ಷರತ್ತು ಹಾಕಲಿ. ಹೆರಿಗೆ ನೋವಿನ ಹೆಣ್ಣುಮಗಳ ಆಂಬುಲೆನ್ಸಿಗೆ ಷರತ್ತು ಬೇಡ.

ಮೊನ್ನೆ ಮತ್ತೆ ಕಡಕೊಳದ ಅದೇ ಬೆಂಚಿನ ಮೇಲೆ ಕೂತಿದ್ದೆವು. ರಾಜ್ಯೋತ್ಸವದ ಆರ್ಕೆಸ್ಟ್ರಾಗೆ ವಂತಿಗೆ ಕೇಳಲು ಹುಡುಗರು ಬಂದರು. ಗೆಳೆಯ ರಸೀದಿ ಪುಸ್ತಕ ಮುಟ್ಟಲಿಲ್ಲ. ಜೇಬಿನಿಂದ ಮಡಚಿದ ಹಾಳೆ ತೆಗೆದು, "ಇದ್ಕೆ ಸಹಿ ಹಾಕಿ, ಆಮೇಲೆ ಕಾಸು" ಎಂದ. ಹನೂರಿನ ತಹಶೀಲ್ದಾರರಿಗೆ ಬರೆದ ಅರ್ಜಿ. ಇಂಡಿಗನತ್ತದ ಗ್ರಾಮಸಭೆ ಸೇರಿಸಿ ಆ ಕಲಮಿನಂತೆ ರಸ್ತೆಯ ಶಿಫಾರಸು ಪಡೆಯಿರಿ, ನಾವೂ ಬಂದು ನಿಲ್ಲುತ್ತೇವೆ ಎಂದಿತ್ತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರು ಹಾಕಿದರು, ಒಬ್ಬ ಆಮೇಲೆ ಹಾಕುತ್ತೇನೆಂದ. ಹಾಳೆಯ ತಲೆಯಲ್ಲಿ ಮೊದಲೇ ಒಂದು ಹೆಬ್ಬೆಟ್ಟಿನ ಗುರುತಿತ್ತು. ಅಜ್ಜಿಯದು.