ಕಲಾಂ, ಶಿವನ್ ಒಳಬಂದ ಬಾಗಿಲು ಎಲ್ಲಿ ಹೋಯಿತು?

ಹಳ್ಳಿಯ ಮಕ್ಕಳು, ಕನ್ನಡ ಮಾಧ್ಯಮದವರು, ಹೆಣ್ಣುಮಕ್ಕಳು ವಿಮಾನ ಮತ್ತು ಬಾಹ್ಯಾಕಾಶ ಎಂಜಿನಿಯರಿಂಗ್‌ನಲ್ಲಿ ಯಾಕೆ ಇಷ್ಟು ಕಡಿಮೆ? ಕಳೆದ ವಾರ ಇದೇ ಪುಟದಲ್ಲಿ ಲೇಖಕರೊಬ್ಬರು ಕೊಟ್ಟ ಉತ್ತರ: ಅವರಿಗೆ ಕನಸು ಕಾಣಲು ಯಾರೂ ಕಲಿಸಿಲ್ಲ. ಶಾಲೆಗೊಂದು ಪ್ರಯೋಗಾಲಯ, ತಾಲ್ಲೂಕಿಗೊಂದು ರಾಕೆಟ್ ಮಾದರಿ, ವರ್ಷಕ್ಕೊಮ್ಮೆ ವಿಜ್ಞಾನಿಗಳ ಭೇಟಿ ಏರ್ಪಡಿಸಿ, ಕಲಾಂ ಮತ್ತು ಶಿವನ್ ಅವರ ಬಾಳಿನ ಕಥೆ ಹೇಳಿದರೆ ಉಳಿದದ್ದು ತಾನಾಗಿ ಆಗುತ್ತದೆ ಎಂಬುದು ಅವರ ವಾದ. ಈ ವಾದ ತಪ್ಪು. ಅವರು ಸಾಕ್ಷಿಗೆ ಕರೆದ ಇಬ್ಬರ ಬದುಕೇ ಅದನ್ನು ಸುಳ್ಳು ಮಾಡುತ್ತದೆ.

ರಾಮೇಶ್ವರದ ಹುಡುಗ ಅಬ್ದುಲ್ ಕಲಾಂ ಪಿಯುಸಿ ಮುಗಿಸಿ ನೇರವಾಗಿ ವಿಮಾನ ಎಂಜಿನಿಯರಿಂಗ್‌ಗೆ ಹೋದವರಲ್ಲ. ಅವರು ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಬಿಎಸ್ಸಿ ಓದಿದರು. ಭೌತವಿಜ್ಞಾನ ತಮ್ಮ ವಿಷಯವಲ್ಲ, ಎಂಜಿನಿಯರಿಂಗ್ ಓದಬೇಕಿತ್ತು ಎಂಬುದು ಅವರಿಗೆ ಹೊಳೆದದ್ದು ಪದವಿಯ ಕೊನೆಗೆ. ಇದನ್ನು ಅವರೇ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ಹೊಳೆದದ್ದು ತಡವಾದರೂ ಹೋಗಲು ಒಂದು ಜಾಗವಿತ್ತು: 1949ರಲ್ಲಿ ಸಿ. ರಾಜಂ ಕಟ್ಟಿದ, ಕ್ರೋಮ್‌ಪೇಟೆಯ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಅಲ್ಲಿ ಬಿಎಸ್ಸಿ ಆದವರನ್ನೇ ಸೇರಿಸಿಕೊಂಡು ಮೂರು ವರ್ಷದಲ್ಲಿ ಎಂಜಿನಿಯರ್ ಮಾಡುತ್ತಿದ್ದರು. ಸೇರಲು ಬೇಕಿದ್ದದ್ದು ಸುಮಾರು ಸಾವಿರ ರೂಪಾಯಿ. ಅಕ್ಕ ಜೊಹರಾ ತಮ್ಮ ಚಿನ್ನದ ಬಳೆ, ಸರ ಅಡವಿಟ್ಟು ಹೊಂದಿಸಿದರು. ಅಲ್ಲಿಂದ ಕಲಾಂ ತರಬೇತಿಗೆ ಬಂದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ಗೆ.

ಎರಡು ದಶಕ ಕಳೆದ ಮೇಲೆ ಕನ್ಯಾಕುಮಾರಿ ಜಿಲ್ಲೆಯ ರೈತನ ಮಗ ಕೆ. ಶಿವನ್ ನಡೆದದ್ದೂ ಅದೇ ದಾರಿಯಲ್ಲಿ. ಓದಿದ್ದು ಸರ್ಕಾರಿ ಶಾಲೆ, ತಮಿಳು ಮಾಧ್ಯಮ. ಎಂಜಿನಿಯರಿಂಗ್ ಓದುವ ಆಸೆಯಿತ್ತು, ತಂದೆಯ ಕೈಯಲ್ಲಿ ದುಡ್ಡಿರಲಿಲ್ಲ. ನಾಗರಕೋವಿಲ್‌ನಲ್ಲಿ ಗಣಿತದ ಬಿಎಸ್ಸಿ ಮಾಡಿದರು. ಮನೆತನದಲ್ಲಿ ಅವರೇ ಮೊದಲ ಪದವೀಧರ. ಆಮೇಲೆ ತಂದೆ ಜಮೀನು ಮಾರಿ ಅದೇ ಕ್ರೋಮ್‌ಪೇಟೆಗೆ ಕಳಿಸಿದರು. 1980ರಲ್ಲಿ ವಿಮಾನ ಎಂಜಿನಿಯರಿಂಗ್ ಪದವಿ, 1982ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸ್ನಾತಕೋತ್ತರ ಪದವಿ. ಇಸ್ರೊ ಸೇರಿ ಕೊನೆಗೆ ಅದರ ಅಧ್ಯಕ್ಷರಾದರು.

ಈಗಿನ ಅಧ್ಯಕ್ಷ ವಿ. ನಾರಾಯಣನ್ ಅವರನ್ನು ನೋಡಿ. ಅದೇ ಜಿಲ್ಲೆ, ಅದೇ ತಮಿಳು ಮಾಧ್ಯಮ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಕಾರ್ಖಾನೆಗಳಲ್ಲಿ ದುಡಿದು, ಎಂಜಿನಿಯರಿಂಗ್ ಪದವಿಗೆ ಸಮಾನವೆನಿಸಿದ್ದ ಎಎಂಐಇ ಪರೀಕ್ಷೆ ಕಟ್ಟಿ ಪಾಸಾದವರು. 1984ರಲ್ಲಿ ಇಸ್ರೊ ಸೇರಿದರು. 1989ರಲ್ಲಿ ಐಐಟಿ ಖರಗ್‌ಪುರದಲ್ಲಿ ಕ್ರಯೋಜನಿಕ್ಸ್‌ನ ಎಂ.ಟೆಕ್ ಮುಗಿಸಿದರು. ಚಂದ್ರಯಾನ–2ರ ಮಿಷನ್ ನಿರ್ದೇಶಕಿ ರಿತು ಕರಿಧಾಲ್ ಕೂಡ ಲಖನೌ ವಿಶ್ವವಿದ್ಯಾಲಯದಲ್ಲಿ ಓದಿದ್ದು ಭೌತವಿಜ್ಞಾನ. ಐಐಎಸ್‌ಸಿಯ ಏರೋಸ್ಪೇಸ್ ವಿಭಾಗಕ್ಕೆ ಅವರು ಬಂದದ್ದು ಅದಾದ ಮೇಲೆ.

ಈ ನಾಲ್ವರ ಭಾವಚಿತ್ರವಿಲ್ಲದ ಸರ್ಕಾರಿ ಶಾಲೆಯ ವಿಜ್ಞಾನ ಕೊಠಡಿ ಸಿಗುವುದು ಕಷ್ಟ. ಅವರ ಬಡತನ, ಛಲ, ರಾತ್ರಿ ಓದು ಎಲ್ಲವನ್ನೂ ಭಾಷಣಗಳಲ್ಲಿ ಹೇಳುತ್ತೇವೆ. ಹೇಳದೆ ಬಿಡುವ ಒಂದೇ ಸಂಗತಿ, ನಾಲ್ವರೂ ಪಕ್ಕದ ಬಾಗಿಲಿನಿಂದ ಬಂದವರು ಎಂಬುದು. ಹದಿನೇಳನೇ ವಯಸ್ಸಿನಲ್ಲಿ ಬರೆದ ಒಂದು ಪರೀಕ್ಷೆಯ ರ‍್ಯಾಂಕ್ ಅವರ ಹಣೆಬರಹ ನಿರ್ಧರಿಸಲಿಲ್ಲ. ಕಾಲೇಜಿನಲ್ಲಿ ಕೆಲವು ವರ್ಷ ಕಳೆದು, ಇಂಗ್ಲಿಷ್ ಪಠ್ಯಕ್ಕೆ ಹೊಂದಿಕೊಂಡು, ತನಗೆ ಬೇಕಾದದ್ದು ಏನೆಂದು ತಿಳಿದ ಮೇಲೂ ಅವರಿಗೆ ಅವಕಾಶ ಉಳಿದಿತ್ತು.

ಇಂದು ಆ ಬಾಗಿಲುಗಳ ಸ್ಥಿತಿ ಏನು? ಕ್ರೋಮ್‌ಪೇಟೆಯ ಸಂಸ್ಥೆ ಅಣ್ಣಾ ವಿಶ್ವವಿದ್ಯಾಲಯದೊಳಗೆ ಸೇರಿ, 1990ರ ದಶಕದಲ್ಲಿ ಎಲ್ಲರಂತೆ ಪ್ಲಸ್ ಟೂ ನಂತರದ ನಾಲ್ಕು ವರ್ಷದ ಕೋರ್ಸಿಗೆ ಬದಲಾಯಿತು. 2013ರ ಮೇ 31ರ ನಂತರ ನೋಂದಾಯಿಸಿಕೊಂಡವರಿಗೆ ಎಎಂಐಇಯನ್ನು ಎಂಜಿನಿಯರಿಂಗ್ ಪದವಿಗೆ ಸಮಾನವೆಂದು ಒಪ್ಪುವ ಮಾನ್ಯತೆಯೂ ನಿಂತುಹೋಯಿತು. ಹಗಲು ಲೇತ್ ಮುಂದೆ ನಿಂತು ರಾತ್ರಿ ಎಎಂಐಇಗೆ ಓದಿದ ಒಂದಿಡೀ ತಲೆಮಾರು ನಮ್ಮ ಬಿಇಎಲ್, ಬಿಇಎಂಎಲ್, ಎಚ್‌ಎಂಟಿ ಕಾಲೊನಿಗಳಲ್ಲಿ ಇತ್ತು. ಆ ಬಾಗಿಲು ಮುಚ್ಚಿದ ದಿನ ಯಾರೂ ಒಂದು ಸಂಪಾದಕೀಯ ಬರೆಯಲಿಲ್ಲ.

ಮಿಕ್ಕಿರುವುದು ಒಂದು ಕಿಂಡಿ, ಅದೂ ಕಾಗದದ ಮೇಲೆ. ಬಿಎಸ್ಸಿ ಆದವರು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು ಎಂದು ಎಐಸಿಟಿಇ ಕೈಪಿಡಿಗಳು ವರ್ಷಗಳಿಂದ ಹೇಳುತ್ತಿವೆ. ಬಿಎಸ್ಸಿ ಮೂರು ವರ್ಷ, ಆಮೇಲೆ ಎಂಜಿನಿಯರಿಂಗ್ ಮೂರು ವರ್ಷ: ಶಿವನ್ ಓದಿದ ಲೆಕ್ಕವೇ ಇದು. ಆದರೆ ಈ ನೇರ ಪ್ರವೇಶಕ್ಕೆ ಮಿತಿ ಶೇ 10. ಅರವತ್ತು ಸೀಟಿನ ಏರೋನಾಟಿಕಲ್ ತರಗತಿಯಲ್ಲಿ ಅದು 6 ಸೀಟು. ಮೊದಲ ವರ್ಷದಲ್ಲಿ ಖಾಲಿ ಬಿದ್ದವು ಇದ್ದರೆ ಅವೂ ಸೇರಿಕೊಳ್ಳುತ್ತವೆ. ಆ ಆರರಲ್ಲೂ ಮೊದಲ ಹಕ್ಕು ಡಿಪ್ಲೊಮಾದವರದು, ಅವರು ತುಂಬಿ ಮಿಕ್ಕರೆ ಮಾತ್ರ ಬಿಎಸ್ಸಿಯವರಿಗೆ ಎಂಬ ಷರತ್ತನ್ನೂ ಅದೇ ಕೈಪಿಡಿಗಳು ಹಾಕಿವೆ. ನಮ್ಮ ರಾಜ್ಯದಲ್ಲಿ ಇದಕ್ಕೆ ನಡೆಯುವ ಡಿಸಿಇಟಿ ಡಿಪ್ಲೊಮಾದವರ ಪರೀಕ್ಷೆ. ಡಿಪ್ಲೊಮಾ ಮಕ್ಕಳ ಹಕ್ಕನ್ನು ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಅವರಲ್ಲೂ ಹೆಚ್ಚಿನವರು ಇದೇ ಬಡ ಮನೆಗಳವರು. ಆದರೆ ಒಂದು ತಟ್ಟೆ ಅನ್ನವನ್ನು ಇಬ್ಬರು ಹಸಿದವರ ನಡುವೆ ಇಟ್ಟು, ಒಬ್ಬ ಉಂಡು ಬಿಟ್ಟರೆ ಇನ್ನೊಬ್ಬ ತಿನ್ನಲಿ ಎನ್ನುವ ನಿಯಮ ನ್ಯಾಯವಲ್ಲ.

ಆರು ಸೀಟು. ಅವಕಾಶದ ಬಗ್ಗೆ ಮಾತನಾಡುವವರು ಮೊದಲು ನೋಡಬೇಕಾದ ಅಂಕಿ ಇದು. ಯಾರ ಬಾಯಲ್ಲೂ ಇದು ಬರುವುದಿಲ್ಲ. ಬರುವುದು ಬೇರೆ ಅಂಕಿಗಳು. 2022ರ ಆಗಸ್ಟ್ 7ರಂದು ಇಸ್ರೊದ ಎಸ್‌ಎಸ್‌ಎಲ್‌ವಿ ರಾಕೆಟ್ ಹೊತ್ತೊಯ್ದ ‘ಆಜಾದಿಸ್ಯಾಟ್’ ಉಪಗ್ರಹಕ್ಕೆ 75 ಶಾಲೆಗಳ 750 ಹೆಣ್ಣುಮಕ್ಕಳು ಕೈಜೋಡಿಸಿದ್ದರು. ಆ ಉಡಾವಣೆ ವಿಫಲವಾಯಿತು. 2023ರ ಫೆಬ್ರುವರಿಯಲ್ಲಿ ಎರಡನೆಯದು ಕಕ್ಷೆ ಸೇರಿತು. ಸೋತ ಮೇಲೂ ಎದ್ದು ಮತ್ತೆ ಹಾರಿಸಿದ್ದು ನಿಜಕ್ಕೂ ದೊಡ್ಡದು. 2024ರ ಜನವರಿಯಲ್ಲಿ ದೇವನಹಳ್ಳಿಯ 43 ಎಕರೆಯಲ್ಲಿ ಬೋಯಿಂಗ್ ಕೇಂದ್ರವನ್ನು ಪ್ರಧಾನಿ ಉದ್ಘಾಟಿಸಿದಾಗ ‘ಸುಕನ್ಯಾ’ ಯೋಜನೆಯೂ ಬಂತು: 150 ಕಡೆ ಹೆಣ್ಣುಮಕ್ಕಳಿಗೆ ವಿಜ್ಞಾನ ಪ್ರಯೋಗಾಲಯ, ಪೈಲಟ್ ತರಬೇತಿಗೆ ವಿದ್ಯಾರ್ಥಿವೇತನ. ಇಸ್ರೊದ ‘ಯುವಿಕಾ’ 2019ರಿಂದ ಒಂಬತ್ತನೇ ತರಗತಿಯವರನ್ನು ಕರೆಯುತ್ತಿದೆ, ಗ್ರಾಮೀಣ ಶಾಲೆಯವರಿಗೆ ಆಯ್ಕೆಯಲ್ಲಿ ಹೆಚ್ಚಿನ ಅಂಕವನ್ನೂ ಇಟ್ಟಿದೆ. ಇವು ಯಾವುವೂ ಕೆಟ್ಟ ಯೋಜನೆಗಳಲ್ಲ. ಆದರೆ ಮೂರೂ ಎಣಿಸುವುದು ಹೊಸ್ತಿಲ ಹೊರಗೆ ನಿಂತವರನ್ನು. ಉಪಗ್ರಹದ ಚಿಪ್ ಪ್ರೋಗ್ರಾಮ್ ಮಾಡಿದ ಆ 750 ಹುಡುಗಿಯರಲ್ಲಿ ಎಷ್ಟು ಮಂದಿ ಎಂಜಿನಿಯರಿಂಗ್‌ಗೆ ಬಂದರು, ಎಷ್ಟು ಮಂದಿ ಬಿಎಸ್ಸಿಯಲ್ಲಿ ನಿಂತರು, ಎಷ್ಟು ಮಂದಿಗೆ ಮದುವೆಯಾಯಿತು ಎಂದು ಕೇಳುವುದು ಯಾರ ಕೆಲಸ?

ಸೀಟು ಬದಲಾಯಿಸಿದರೆ ಸಂಖ್ಯೆ ಬದಲಾಗುತ್ತದೆ ಎಂಬುದನ್ನು ಐಐಟಿಗಳು ತೋರಿಸಿವೆ. ಅಲ್ಲಿ ಹೆಣ್ಣುಮಕ್ಕಳು ಶೇ 8ರ ಆಸುಪಾಸಿನಲ್ಲಿದ್ದರು. ಅವರಿಗೂ ಭಾಷಣ, ಪ್ರೋತ್ಸಾಹ ಎಲ್ಲ ಸಿಗುತ್ತಿತ್ತು. 2018ರಿಂದ ಹೆಚ್ಚುವರಿ ಸೀಟು ಸೃಷ್ಟಿಸಿದರು. ಮೂರು ಪ್ರವೇಶ ವರ್ಷಗಳಲ್ಲಿ ಪಾಲು ಶೇ 20ರ ಹತ್ತಿರ ಬಂತು. ಹುಡುಗರ ಒಂದು ಸೀಟೂ ಕಡಿಮೆಯಾಗಲಿಲ್ಲ. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಅದೇ ಐಐಟಿಗಳು ನಡೆಸುವ ಒಂದು ವರ್ಷದ ಪೂರ್ವಸಿದ್ಧತಾ ಕೋರ್ಸ್ ಇದಕ್ಕಿಂತ ಹಳೆಯದು. ರ‍್ಯಾಂಕ್ ಸ್ವಲ್ಪ ಕೆಳಗಿದ್ದವರನ್ನು ಹಿಂದಕ್ಕೆ ಕಳಿಸದೆ, ಒಂದು ವರ್ಷ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ, ಇಂಗ್ಲಿಷ್ ಕಲಿಸಿ, ಪಾಸಾದರೆ ಮತ್ತೆ ಜೆಇಇ ಬರೆಸದೆ ಬಿ.ಟೆಕ್‌ಗೆ ಸೇರಿಸಿಕೊಳ್ಳುತ್ತಾರೆ. ಹಿಂದುಳಿದಿರುವುದು ಬುದ್ಧಿಯಲ್ಲಿ ಅಲ್ಲ, ಬೇಕಿರುವುದು ಸಮಯ ಎಂದು ಒಪ್ಪಿಕೊಂಡ ವ್ಯವಸ್ಥೆ ಅದು.

ನಮ್ಮಲ್ಲಿ ಮೀಸಲಾತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಅದು ಉಳಿಯಲೇಬೇಕು. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಆದರೆ ಅದು ಸೀಟಿನ ತನಕ ಕೈಹಿಡಿಯುತ್ತದೆ, ತರಗತಿಯೊಳಗೆ ಬಿಟ್ಟುಬಿಡುತ್ತದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಲೆಕ್ಕ ಮಾಡಿದ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಪುಸ್ತಕ ತೆರೆದಾಗ ಎಡವುವುದು ಸಹಜ. ಮೂರನೇ ವರ್ಷಕ್ಕೆ ಅವಳೇ ತರಗತಿಯ ಮುಂದೆ ನಿಲ್ಲಬಲ್ಲಳು. ಆದರೆ ಇಸ್ರೊ ಎಂಜಿನಿಯರ್ ಹುದ್ದೆಯ ಅಧಿಸೂಚನೆ ಕೇಳುವುದು ಶೇ 65 ಅಂಕ, ಅಥವಾ ಹತ್ತಕ್ಕೆ 6.84 ಸಿಜಿಪಿಎ. ಅದೂ ಎಲ್ಲ ಸೆಮಿಸ್ಟರ್‌ಗಳ ಸರಾಸರಿ. ಹದಿನೆಂಟನೇ ವಯಸ್ಸಿನ ಎಡವು ಇಪ್ಪತ್ತೆರಡನೇ ವಯಸ್ಸಿನಲ್ಲಿ ಅರ್ಜಿಯನ್ನೇ ತಡೆಯುತ್ತದೆ. ಲಿಖಿತ ಪರೀಕ್ಷೆ, ಸಂದರ್ಶನ ಹೇಗೂ ಇವೆ. ಅರ್ಹತೆಗೆ ಕೊನೆಯ ನಾಲ್ಕು ಸೆಮಿಸ್ಟರ್ ನೋಡಿದರೆ ಯಾವ ರಾಕೆಟ್ಟೂ ಕೆಳಗೆ ಬೀಳುವುದಿಲ್ಲ.

ಸರ್ಕಾರಿ ಪದವಿ ಕಾಲೇಜಿನಲ್ಲಿ ನಾನು ಭೌತವಿಜ್ಞಾನ ಪಾಠ ಮಾಡಿದ ಅಷ್ಟೂ ವರ್ಷ, ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಲ್ಯಾಬ್ ಮುಗಿದ ಮೇಲೆ ನಿಂತು ಕೇಳುತ್ತಿದ್ದರು: ‘ಸರ್, ಬಿಎಸ್ಸಿ ಮುಗಿಸಿ ರಾಕೆಟ್ ಕೆಲಸಕ್ಕೆ ಹೋಗಬಹುದಾ?’ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆ ಇದೆ ಎಂದು ಹೇಳುತ್ತಿದ್ದೆ. ಅವರು ಕೇಳುತ್ತಿದ್ದದ್ದು ಅದನ್ನಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕೇಳಿದವರಲ್ಲಿ ಹೆಚ್ಚಿನವರು ಹುಡುಗಿಯರು. ಹಾಸ್ಟೆಲ್ ಬೇಡ, ಬೆಂಗಳೂರು ದೂರ, ಬಸ್ಸಿನಲ್ಲಿ ಹೋಗಿಬರುವ ಕಾಲೇಜು ಸಾಕು ಎಂದು ಮನೆಯವರು ಬಿಎಸ್ಸಿಗೆ ಹಾಕಿದವರು. ಹದಿನೇಳರಲ್ಲಿ ಮನೆ ಒಪ್ಪದ್ದನ್ನು ಇಪ್ಪತ್ತೊಂದರಲ್ಲಿ ಒಪ್ಪಿಸುವ ಗಟ್ಟಿತನ ಅವರಲ್ಲಿ ಹಲವರಿಗೆ ಬಂದಿತ್ತು. ಒಪ್ಪಿಸಿ ಎಲ್ಲಿಗೆ ಹೋಗಬೇಕಿತ್ತು?

ಆರು ವರ್ಷ ಓದಲು ಬಡ ಮನೆಯ ಮಕ್ಕಳು ತಯಾರಿರುತ್ತಾರೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ನಾಲ್ಕು ವರ್ಷಕ್ಕೆ ಹೋಲಿಸಿದರೆ ಎರಡು ವರ್ಷ ಹೆಚ್ಚು. ದುಡಿಯುವ ಕೈ ಎರಡು ವರ್ಷ ಮನೆಗಿಲ್ಲ. ಅದಕ್ಕೇ ಕಲಾಂ ಕಥೆಯಲ್ಲಿ ಅಕ್ಕನ ಬಳೆ ಇದೆ, ಶಿವನ್ ಕಥೆಯಲ್ಲಿ ತಂದೆಯ ಜಮೀನು ಇದೆ. ಆ ಬಳೆಯನ್ನು, ಆ ಜಮೀನನ್ನು ತ್ಯಾಗವೆಂದು ಕೊಂಡಾಡಿದ್ದು ಸಾಕು; ಆ ಖರ್ಚು ಸರ್ಕಾರದ್ದಾಗಬೇಕಿತ್ತು. ವಿಮಾನ ಉದ್ಯಮಕ್ಕೆ ನೆಲ, ರಿಯಾಯಿತಿ ಕೊಡುವ ರಾಜ್ಯ ಇದು. ತುಮಕೂರಿನ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆಗೆ 615 ಎಕರೆ ಕೊಟ್ಟಿದ್ದೇವೆ. ಏರೋಸ್ಪೇಸ್ ಪಾರ್ಕಿಗೆಂದು ದೇವನಹಳ್ಳಿಯ 1,777 ಎಕರೆಗೆ ಕೈಹಾಕಿ, ಮೂರು ವರ್ಷ ದಾಟಿದ ರೈತರ ಧರಣಿಯ ಮುಂದೆ 2025ರ ಜುಲೈನಲ್ಲಿ ಕೈಬಿಟ್ಟಿದ್ದೇವೆ. ಎಕರೆಗಳ ಲೆಕ್ಕ ಇಷ್ಟು ಚೆನ್ನಾಗಿ ಇಡುವ ಸರ್ಕಾರಕ್ಕೆ, ರಿಯಾಯಿತಿ ಪಡೆಯುವ ಕಂಪನಿಗಳಿಂದ ಇಂತಿಷ್ಟು ವಿದ್ಯಾರ್ಥಿವೇತನ ಕೇಳುವುದು ದೊಡ್ಡ ಮಾತೇನಲ್ಲ.

ಕಾಲವೂ ಕೂಡಿಬಂದಿದೆ. ಎನ್‌ಇಪಿಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಕರ್ನಾಟಕ 2024ರಲ್ಲಿ ಮೂರು ವರ್ಷದ ಬಿಎಸ್ಸಿಗೆ ಮರಳಿದೆ. ಒಂದು ಶತಮಾನ ಕಂಡ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಈಗ ಸ್ವಾಯತ್ತ ವಿಶ್ವವಿದ್ಯಾಲಯ. ಗಣಿತ–ಭೌತವಿಜ್ಞಾನದ ಬಿಎಸ್ಸಿ ಪದವೀಧರರಿಗೇ ಮೀಸಲಾದ ಮೂರು ವರ್ಷದ ಏರೋಸ್ಪೇಸ್ ಬಿಇಯನ್ನು ಅಲ್ಲಿ ಅರವತ್ತು ಸೀಟಿನಿಂದ ಆರಂಭಿಸಬಹುದು. ಅರ್ಧ ಹೆಣ್ಣುಮಕ್ಕಳಿಗೆ, ಹಾಸ್ಟೆಲ್ ಉಚಿತ, ತಿಂಗಳ ಭತ್ಯೆ. ಅನುಮತಿಗೆ ದೆಹಲಿಯತ್ತ ನೋಡಬೇಕು ಎಂಬ ನೆಪ ಬೇಡ. ಉಪಗ್ರಹ ಯೋಜನೆಗಳಿಗೆ ಅನುಮತಿ ತರಲು ಗೊತ್ತಿರುವ ರಾಜಧಾನಿ ನಮ್ಮ ಬೆಂಗಳೂರು.

2023ರ ಏಪ್ರಿಲ್ 2ರ ಬೆಳಿಗ್ಗೆ ಚಳ್ಳಕೆರೆಯ ಪರೀಕ್ಷಾ ವಲಯದ ಮೇಲೆ ಹೆಲಿಕಾಪ್ಟರೊಂದು ಇಸ್ರೊದ ಮರುಬಳಕೆ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಅದು ಯಾರ ನೆರವೂ ಇಲ್ಲದೆ ರನ್‌ವೇ ಹುಡುಕಿಕೊಂಡು ಇಳಿಯಿತು. ಆ ರನ್‌ವೇ ಇರುವುದು ಒಂದು ಕಾಲಕ್ಕೆ ಊರಿನ ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ. ಅದೇ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಈ ವರ್ಷ ಬಿಎಸ್ಸಿ ಮುಗಿಸುವ ಕುರಿಗಾಹಿಯ ಮಗಳಿಗೆ, ಮುಂದಿನ ಪ್ರವೇಶ ಅಧಿಸೂಚನೆಯಲ್ಲಿ ಅವಳ ಹೆಸರಿಗೆ ಒಂದು ಸಾಲಾದರೂ ಇರುತ್ತದೆಯೇ ಎಂದು ಉನ್ನತ ಶಿಕ್ಷಣ ಸಚಿವರು ಹೇಳಲಿ.