ಕಡಲೆಕಾಯಿಯ ಎಣ್ಣೆಯೂ ಮಿದುಳಿನ ಮೇದಸ್ಸೂ

ಇಂಥ ಎಣ್ಣೆ ಉಂಡರೆ ಮಕ್ಕಳ ಮಿದುಳು ಚುರುಕಾಗುತ್ತದೆ, ಮುದುಕರ ಮರೆವು ದೂರವಾಗುತ್ತದೆ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ತಿಂಗಳ ಸಾಮಾನಿನ ಚೀಟಿ ಬರೆಯುವವರು ಅದರ ಸತ್ಯಾಸತ್ಯವನ್ನು ತಿಳಿದಿರುವುದು ಒಳ್ಳೆಯದು.

ಬೀದರದ ಕಡೆಯಿಂದ ಹೈದರಾಬಾದಿಗೆ ಬರುವವರಿಗೆ ಊರು ಸೇರುವ ಮೊದಲು ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯವರು, ಗುಜರಾತಿನ ಜುನಾಗಡದ ಕಡಲೆಕಾಯಿ ಸಂಶೋಧಕರೊಡಗೂಡಿ, ‘ಗಿರ್ನಾರ್ 4’ ಮತ್ತು ‘ಗಿರ್ನಾರ್ 5’ ಎಂಬ ತಳಿಗಳನ್ನು ಸಿದ್ಧಪಡಿಸಿದರು. 2020ರಲ್ಲಿ ಅವು ದೇಶಕ್ಕೆ ಅರ್ಪಿತವಾದುವು. ಸಾಮಾನ್ಯ ಕಡಲೆಕಾಯಿ ಎಣ್ಣೆಯಲ್ಲಿ ಒಲಿಯಿಕ್ ಆಮ್ಲ ಸುಮಾರು ಅರ್ಧದಷ್ಟಿದ್ದರೆ, ಇವುಗಳಲ್ಲಿ ನೂರಕ್ಕೆ 80ರ ಸಮೀಪ. ಒಲಿಯಿಕ್ ಆಮ್ಲವನ್ನು ಲಿನೊಲಿಯಿಕ್ ಆಮ್ಲವಾಗಿ ಮಾರ್ಪಡಿಸುವ ಕಿಣ್ವವೊಂದು ಗಿಡದಲ್ಲಿದೆ. ಈ ತಳಿಗಳಲ್ಲಿ ಅದು ಕುಂಟಿದೆ; ಆದುದರಿಂದ ಒಲಿಯಿಕ್ ಆಮ್ಲ ಹಾಗೆಯೇ ಉಳಿಯುತ್ತದೆ, ಎಣ್ಣೆ ಬೇಗ ಕಮಟುವುದಿಲ್ಲ.

ಹಾಗಾದರೆ ಇದು ಮಿದುಳಿಗೂ ಮದ್ದೆ? ನರತಂತುಗಳಿಗೆ ಸುತ್ತಿಕೊಂಡಿರುವ ಮಯಲಿನ್ ಎಂಬ ಹೊದಿಕೆಯಲ್ಲಿ ಒಲಿಯಿಕ್ ಆಮ್ಲ ಹೇರಳವಾಗಿದೆ, ನಿಜ. ಆದರೆ ಮಿದುಳು ಅದಕ್ಕಾಗಿ ನಮ್ಮ ಬಾಣಲೆಯನ್ನು ಕಾಯುತ್ತ ಕುಳಿತಿಲ್ಲ. ಬಹುಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಕೆಲಸದ ಕಿಣ್ವಕ್ಕೆ ಸ್ಟಿಯರೊಯಿಲ್ ಡಿಸ್ಯಾಚುರೇಸ್ ಎಂದು ಹೆಸರು. ಜೀವಕೋಶದ ಒಳಪೊರೆಯಲ್ಲಿ ನೆಲಸಿ, ಆಮ್ಲಜನಕದ ನೆರವಿನಿಂದ, 18 ಇಂಗಾಲಗಳ ಸ್ಟಿಯರಿಕ್ ಆಮ್ಲದ 9 ಮತ್ತು 10ನೆಯ ಇಂಗಾಲಗಳ ನಡುವೆ ಅದು ಜೋಡಿಬಂಧವನ್ನು ಬೆಸೆಯುತ್ತದೆ. ಮನುಷ್ಯರಲ್ಲಿ ಇದರ ಎರಡು ರೂಪಗಳಿದ್ದು, ಒಂದು ಮಿದುಳಿನಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಇಲಿಮರಿಗಳಲ್ಲಿ ಹುಟ್ಟಿದ ಮೊದಲ ವಾರಗಳಲ್ಲಿ, ಎಂದರೆ ನರದ ಹೊದಿಕೆ ಬೆಳೆಯುವ ಕಾಲದಲ್ಲಿ, ಈ ಕಿಣ್ವದ ತಯಾರಿಕೆ ಏರುತ್ತದೆ.

ನಮ್ಮ ದೇಹದ ಸಾಮರ್ಥ್ಯಕ್ಕೂ ಒಂದು ಮೇರೆಯಿದೆ. ಕಡಲೆಕಾಯಿ ಗಿಡದಲ್ಲಿರುವ ಆ ಮುಂದಿನ ಕಿಣ್ವ ಮನುಷ್ಯನಲ್ಲಿ ಇಲ್ಲವೇ ಇಲ್ಲ. ಆದುದರಿಂದ ಲಿನೊಲಿಯಿಕ್ ಮತ್ತು ಲಿನೊಲೆನಿಕ್ ಆಮ್ಲಗಳು ಊಟದಿಂದಲೇ ಬರಬೇಕು. ಮೊದಲನೆಯದು ಎಳ್ಳು, ಸೂರ್ಯಕಾಂತಿ, ಸಾಮಾನ್ಯ ಕಡಲೆಕಾಯಿಗಳಲ್ಲಿದೆ. ಎರಡನೆಯದು ಕಡಲೆಕಾಯಿಯಲ್ಲಿ ಇಲ್ಲವೆನ್ನಬಹುದು, ಅಗಸೆಯಲ್ಲಿ ಧಾರಾಳ. ಮಿದುಳಿಗೆ ಬೇಕಾದ ಡಿಎಚ್ಎ ಎಂಬ ಮೇದಸ್ಸನ್ನು ದೇಹ ಇದರಿಂದ ಅಲ್ಪಸ್ವಲ್ಪ ತಯಾರಿಸಿಕೊಳ್ಳುತ್ತದೆ. ಮೀನು ತಿನ್ನುವವರಿಗೆ ಅದು ನೇರವಾಗಿ ದೊರೆಯುತ್ತದೆ.

ಹೊಸ ತಳಿಯ ಎಣ್ಣೆಯನ್ನು ಅದರ ಬಾಳಿಕೆಗಾಗಿ ಧಾರಾಳವಾಗಿ ಕೊಳ್ಳಿರಿ. ಮಿದುಳಿನ ಹೆಸರಿನಲ್ಲಿ ಹೆಚ್ಚಿನ ಬೆಲೆ ತೆರಬೇಡಿರಿ. ಉತ್ತರ ಕರ್ನಾಟಕದ ಮನೆಗಳ ಅಗಸೆ ಚಟ್ನಿಪುಡಿಯ ಡಬ್ಬಿಯನ್ನು ಮಾತ್ರ ಬರಿದಾಗಲು ಬಿಡಬೇಡಿರಿ.