ಉಳಿದ ಬಟ್ಟೆಯ ಟಾಪ್ ಗಣಿತದ ಪಾಠವಾಗಲಿ

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳಾದ ನಾವು ತಯಾರಿಸುವ 'ಕಸದಿಂದ ರಸ' ವಸ್ತುಗಳಲ್ಲಿ ತುಂಡು ಬಟ್ಟೆಗೆ ದೊಡ್ಡ ಪಾಲಿದೆ. ದರ್ಜಿ ಅಂಗಡಿಯಿಂದ ತಂದ ಚೂರುಗಳು ಹೂವಾಗಿ, ತೋರಣವಾಗಿ, ಚಾರ್ಟಿನ ಅಂಚಾಗಿ ತರಗತಿಯ ಗೋಡೆ ಸೇರುತ್ತವೆ. ಕಲಿಕೋಪಕರಣಕ್ಕೆ ಅಂಕವೂ ಸಿಗುತ್ತದೆ. ಆ ಹೂವಿನ ಅಳತೆ ಹೆಚ್ಚುಕಮ್ಮಿಯಾದರೆ ಯಾರಿಗೂ ತೊಂದರೆಯಿಲ್ಲ. ಅದೇ ಬಟ್ಟೆಯಿಂದ ಒಂದು ಸರಳ ಟಾಪ್ ಹೊಲಿಸಿದರೆ, ಅಳತೆ ಸರಿಯೋ ತಪ್ಪೋ ಎಂಬುದನ್ನು ತೊಡುವ ಮಗುವೇ ಹೇಳುತ್ತದೆ. ಆದ್ದರಿಂದ ಟಾಪ್ ಹೊಲಿಯುವುದನ್ನು ಎಂಟನೇ ತರಗತಿಯ ಗಣಿತ ಪಾಠವಾಗಿಯೇ ನಮ್ಮ ಪಾಠಯೋಜನೆಗಳಲ್ಲಿ ಸೇರಿಸಬೇಕೆಂದು ನನ್ನ ಅಭಿಪ್ರಾಯ.

ಈ ಟಾಪ್‌ಗೆ ಎರಡು ಆಯತಗಳು ಸಾಕು, ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು. ಎದೆಯ ಸುತ್ತಳತೆ 74 ಸೆಂ.ಮೀ. ಇರುವ ಮಗುವಿಗೆ 16 ಸೆಂ.ಮೀ. ಲೂಸ್ ಸೇರಿಸಿದರೆ 90. ಅದರ ಅರ್ಧ 45. ಎರಡೂ ಪಕ್ಕಕ್ಕೆ ಒಂದೂವರೆ ಸೆಂ.ಮೀ. ಮಾರ್ಜಿನ್ ಬಿಟ್ಟರೆ ಒಂದು ಭಾಗದ ಅಗಲ 48. ಮಡಿಕೆಯೂ ಸೇರಿ ಉದ್ದ 55 ಇರಲಿ. 48 ಸೆಂ.ಮೀ. ಅಗಲದ ಇಡೀ ತುಂಡು ಸಿಗುವುದು ಅಪರೂಪ. ಮೂರು ಪಟ್ಟಿಗಳನ್ನು ಜೋಡಿಸಬೇಕಾಗುತ್ತದೆ. ಒಂದೊಂದು ಪಟ್ಟಿಯ ಅಗಲ ಎಷ್ಟಿರಬೇಕು ಎಂದು ಕೇಳಿದರೆ ಬರುವ ಮೊದಲ ಉತ್ತರ 16. ಆದರೆ ಪ್ರತಿ ಜೋಡಣೆಯೂ 3 ಸೆಂ.ಮೀ. ಬಟ್ಟೆ ನುಂಗುತ್ತದೆ. 16ರ ಮೂರು ಪಟ್ಟಿ ಸೇರಿದರೆ ಸಿಗುವುದು 48 ಅಲ್ಲ, 42. ಅಂಥ ಎರಡು ಭಾಗಗಳ ಪಕ್ಕ ಹೊಲಿದ ಮೇಲೆ ಟಾಪ್‌ನ ಸುತ್ತಳತೆ 78ಕ್ಕೆ ಇಳಿಯುತ್ತದೆ. ಉಳಿಯುವ ಲೂಸ್ ಬರೀ 4 ಸೆಂ.ಮೀ.; ಹಿಗ್ಗದ ಹತ್ತಿ ಬಟ್ಟೆಯಾದರೆ ತೊಡುವಾಗಲೇ ಹೆಗಲಿಗೆ ಸಿಕ್ಕಿಕೊಳ್ಳುತ್ತದೆ. ಬೇಕಾದ ಪಟ್ಟಿಯ ಅಗಲ 18. 'ಅ' ಅಗಲದ 'ನ' ಪಟ್ಟಿಗಳಿಗೆ ನಅ − 3(ನ − 1) ಎಂಬ ಬೀಜೋಕ್ತಿ ಇಲ್ಲಿ ಮಕ್ಕಳಿಗೆ ತಾವೇ ಕಂಡುಕೊಂಡ ಸೂತ್ರವಾಗುತ್ತದೆ. ಏಕೆ ಒಂದನ್ನು ಕಳೆಯಬೇಕು ಎಂದು ವಿವರಿಸುವ ಶ್ರಮವೂ ನಮಗಿರುವುದಿಲ್ಲ. ಮೂರು ಪಟ್ಟಿಗೆ ಎರಡೇ ಜೋಡಣೆ ಎಂಬುದು ಕಣ್ಣಿಗೇ ಕಾಣುತ್ತದೆ.

ಕುತ್ತಿಗೆಯ ಲೆಕ್ಕವೂ ಹಾಗೆಯೇ. ಮಕ್ಕಳು ಅಳೆಯಲು ಹೊರಡುವುದು ಕುತ್ತಿಗೆಯನ್ನು, ಅಳೆಯಬೇಕಾದದ್ದು ತಲೆಯನ್ನು. ತಲೆಯ ಸುತ್ತಳತೆ 54 ಇದ್ದರೆ ಹೆಗಲ ಹೊಲಿಗೆಯ ನಡುವೆ 28 ಸೆಂ.ಮೀ. ತೆರೆದು ಬಿಡಬೇಕು. ಸೀಳು ತೆರೆದುಕೊಂಡಾಗ ಅದರ ಸುತ್ತಳತೆ ಉದ್ದದ ಎರಡರಷ್ಟು, ಅಂದರೆ 56. ತೋಳಿಗೆ ಹೆಗಲಿನಿಂದ ಕೆಳಗೆ 18 ಸೆಂ.ಮೀ. ಹೊಲಿಯದೆ ಬಿಟ್ಟರಾಯಿತು.

ವಿಜ್ಞಾನಕ್ಕೂ ಇಲ್ಲಿ ಕೆಲಸವಿದೆ. ಹಾಸಿನ ಉದ್ದಕ್ಕೆ, ಹೊಕ್ಕಿನ ಉದ್ದಕ್ಕೆ, ಮೂಲೆಯಿಂದ ಮೂಲೆಗೆ ಬಟ್ಟೆಯನ್ನು ಎಳೆದು ನೋಡಿದರೆ ಅದು ಓರೆಯಾಗಿ ಮಾತ್ರ ಚೆನ್ನಾಗಿ ಹಿಗ್ಗುವುದು ತಿಳಿಯುತ್ತದೆ. ಹತ್ತಿ ಒಗೆದಾಗ ಕುಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಕುಗ್ಗದು. ಎರಡನ್ನೂ ಜೋಡಿಸುವ ಮೊದಲು ಒಗೆದು ಒಣಗಿಸಬೇಕೇಕೆ ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಡಬಹುದು.

ಆಕ್ಷೇಪಣೆಗಳಿವೆ. ಕತ್ತರಿ, ಸೂಜಿ ಅಪಾಯ, ಅರವತ್ತು ಮಕ್ಕಳ ತರಗತಿ, ಸಮಯವಿಲ್ಲ. ಮೊದಲು ಹಳೆಯ ದಿನಪತ್ರಿಕೆಯಲ್ಲಿ ಅದೇ ಮಾರ್ಜಿನ್ ಬಿಟ್ಟು ಅಂಟಿಸಿ ನೋಡಿದರೆ ತಪ್ಪು ಕಾಗದದಲ್ಲೇ ಸಿಕ್ಕಿಬೀಳುತ್ತದೆ, ಬಟ್ಟೆ ಹಾಳಾಗುವುದಿಲ್ಲ. ಐವರ ಗುಂಪಿಗೆ ಒಂದು ಟಾಪ್ ಸಾಕು. ಅಂಚು ಮಡಿಸುವುದೂ ಸೇರಿ ಒಟ್ಟು ಹೊಲಿಗೆ ಸುಮಾರು 5 ಮೀಟರ್. ತಲಾ ಒಂದು ಮೀಟರ್ ಕೈಹೊಲಿಗೆ. ಸಮಯದ ಮಾತು ಮಾತ್ರ ನಿಜ. ಅಳತೆಗೆ ಒಂದು, ಕಾಗದದ ಮಾದರಿಗೆ ಒಂದು, ಕತ್ತರಿಸಿ ಹೊಲಿಯಲು ನಾಲ್ಕು ಅವಧಿಗಳಾದರೂ ಬೇಕು.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಇನ್ನೊಂದಿದೆ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬನ್ನು ಶಿಕ್ಷಣದ ನಡುವೆ ತಂದರು. ಆದರೆ 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಸರ್ಕಾರ, ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದಾಗ ಅದು ಜಾತಿಕಸುಬನ್ನೇ ಮಕ್ಕಳ ತಲೆಗೆ ಕಟ್ಟುವ ಶಿಕ್ಷಣವೆಂದು ತೀವ್ರ ವಿರೋಧ ಬಂತು, 1954ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಆ ಭಯಕ್ಕೆ ಕಾರಣವಿತ್ತು, ಇಂದಿಗೂ ಇದೆ. ಹೊಲಿಗೆಯನ್ನು ಹುಡುಗಿಯರಿಗೆ ಅಥವಾ 'ಓದಿನಲ್ಲಿ ಹಿಂದುಳಿದವರಿಗೆ' ಎಂದು ಬೇರೆ ಮಾಡಿದ ದಿನವೇ ಈ ಪಾಠ ಕೆಡುತ್ತದೆ. ಎಲ್ಲರೂ ಅಳೆಯಬೇಕು, ಎಲ್ಲರೂ ಸೂಜಿ ಹಿಡಿಯಬೇಕು, ಮೌಲ್ಯಮಾಪನ ಗಣಿತದ್ದಾಗಿರಬೇಕು. ಹೊಲಿಗೆ ಅಂದವಾಗಿದೆಯೇ ಎಂಬುದಕ್ಕೆ ಅಂಕ ಬೇಡ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವ ಅಜ್ಜಿಯರಿದ್ದಾರೆ. ಅವರನ್ನು ತರಗತಿಗೆ ಕರೆದರೆ ಮನೆಯ ಆ ಜ್ಞಾನಕ್ಕೆ ಗಣಿತದ ಅವಧಿಯಲ್ಲಿ ಜಾಗ ಸಿಗುತ್ತದೆ.

ಬೋಧಕರಲ್ಲಿ ನನ್ನ ಕೋರಿಕೆ ಮೂರು. ಇಂಥ ಪಾಠಕ್ಕೆ ಎರಡು ಅವಧಿಗಳನ್ನು ಜೋಡಿಸಿ ಕೊಡಲು ಅಭ್ಯಾಸ ಶಾಲೆಗಳೊಂದಿಗೆ ಮಾತನಾಡಬೇಕು. 40 ನಿಮಿಷದಲ್ಲಿ ಪಾಠ ಮುಗಿಯಲಿಲ್ಲವೆಂದು ವೀಕ್ಷಣಾ ಪತ್ರದಲ್ಲಿ ಅಂಕ ಕಳೆಯದೆ, ಆ ದಿನದ ಹಂತವನ್ನಷ್ಟೇ ನೋಡಬೇಕು. ಕಲಿಕೋಪಕರಣದ ಅಂಕವನ್ನು ನಾವು ಮಾಡಿ ತಂದ ವಸ್ತುವಿಗಿಂತ ಮಕ್ಕಳು ಮಾಡಿದ ವಸ್ತುವಿಗೆ ಕೊಡಬೇಕು. ಇಷ್ಟಾದರೆ ಮುಂದಿನ ಬೋಧನಾಭ್ಯಾಸದಲ್ಲಿ ತೋರಣದ ಬದಲು ಟಾಪ್ ಹೊಲಿಸಲು ನಮ್ಮಲ್ಲಿ ಹಲವರು ಮುಂದೆ ಬರುತ್ತಾರೆ.